ಪಲ್ವಂಕರ್ ಬಾಲೂ

ಕ್ರಿಕೆಟ್ ಆಟ ಇಂದು ನಮ್ಮ ನಾಡಿನ ಮೂಲೆ ಮೂಲೆಗೂ ಹಬ್ಬಿದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಯಾವ ಬಯಲಿಗೆ ಹೋದರೂ ಸಂಜೆಯ ಹೊತ್ತಿಗೆ ಹುಡುಗರು ದಾಂಡು ಚೆಂಡು ಹಿಡಿದು ಆಡುತ್ತಿರುವುದನ್ನು ಕಾಣಬಹುದು. ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ಆದರೆ ಒಂದು ಕಾಲದಲ್ಲಿ ಇದೇ ದೇಶದಲ್ಲಿ, ಒಬ್ಬ ಆಟಗಾರ ಎಸೆದ ಚೆಂಡನ್ನು ಮುಟ್ಟಬಹುದಾಗಿತ್ತು, ಅವನು ಕುಡಿದ ಲೋಟವನ್ನು ಮುಟ್ಟುವಂತಿರಲಿಲ್ಲ. ಅಂಥ ಕಾಲದಲ್ಲಿ ಹುಟ್ಟಿ, ತನ್ನ ಕೈಚಳಕದಿಂದಲೇ ಇಡೀ ದೇಶದ ಮೆಚ್ಚುಗೆ ಗಳಿಸಿ, ಆಟದಿಂದ ನಿವೃತ್ತನಾದ ಮೇಲೆ ಚುನಾವಣೆಯ ಕಣಕ್ಕೂ ಇಳಿದ ಧೀಮಂತನ ಹೆಸರು ಪಲ್ವಂಕರ್ ಬಾಲೂ.

ಬಾಲೂ ಹುಟ್ಟಿದ್ದು 1876ರ ಸುಮಾರಿಗೆ, ಧಾರವಾಡದಲ್ಲಿ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅವರ ಮನೆತನದ ಮೂಲ ಊರು ಕೊಂಕಣ ಸೀಮೆಯ ಪಲ್ವಣ. ಆ ಊರಿನಿಂದಲೇ ಪಲ್ವಂಕರ್ ಎಂಬ ಅಡ್ಡಹೆಸರು ಬಂದಿತು. ಚರ್ಮದ ಕೆಲಸವನ್ನು ಕುಲವೃತ್ತಿಯಾಗಿ ಉಳ್ಳ ಅವರ ಸಮುದಾಯವನ್ನು ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿಟ್ಟಿತ್ತು. ತಂದೆಗೆ ಸೈನ್ಯದಲ್ಲಿ ಕೆಲಸ. ಆ ಕೆಲಸದ ನಿಮಿತ್ತ ಸಂಸಾರ ಪುಣೆಯಲ್ಲಿ ನೆಲೆಸಿತು. ಅಲ್ಲಿನ ದಂಡಿನ ಪ್ರದೇಶದಲ್ಲಿ ಆಂಗ್ಲ ಅಧಿಕಾರಿಗಳು ಆಡಿ ಬಿಟ್ಟ ಹಳೆಯ ದಾಂಡು ಚೆಂಡುಗಳೇ ಬಾಲೂ ಮತ್ತು ಅವರ ತಮ್ಮಂದಿರ ಪಾಲಿಗೆ ಆಟದ ಮೊದಲ ಸಾಮಗ್ರಿಗಳಾದವು. ಬಾಲೂ ಹಿರಿಯ ಮಗ. ಮನೆಯ ಕಷ್ಟಕ್ಕೆ ಹೆಗಲು ಕೊಡಬೇಕಾಗಿದ್ದುದರಿಂದ ಅವರ ಓದು ಬಹುಬೇಗ ನಿಂತುಹೋಯಿತು.

ಅವರಿಗೆ ದೊರೆತ ಮೊದಲ ಕೆಲಸ ಪುಣೆಯ ಪಾರಸಿಗಳ ಕ್ರಿಕೆಟ್ ಮೈದಾನದಲ್ಲಿ. ಮೈದಾನವನ್ನು ಗುಡಿಸುವುದು, ನೆಲಕ್ಕೆ ಉರುಳೆ ಎಳೆದು ಸಮಮಾಡುವುದು, ಬಿಡುವಾದಾಗ ಸದಸ್ಯರ ಅಭ್ಯಾಸಕ್ಕೆಂದು ಚೆಂಡೆಸೆಯುವುದು, ಇವೇ ಅವರ ಕರ್ತವ್ಯಗಳು. ಸಂಬಳ ತಿಂಗಳಿಗೆ 3 ರೂಪಾಯಿ. ಕೆಲವು ಕಾಲದ ಮೇಲೆ ಯೂರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ 4 ರೂಪಾಯಿ ಸಂಬಳಕ್ಕೆ ಸೇರಿಕೊಂಡರು. ಆ ಕ್ಲಬ್ಬಿನ ಪ್ರಮುಖ ಆಟಗಾರ ಗ್ರೆಗ್ ಎಂಬ ಸೇನಾಧಿಕಾರಿ. ಗಿಡ್ಡ ಆಳು, ಆದರೆ ಅಂದಿನ ಭಾರತದಲ್ಲಿದ್ದ ಯೂರೋಪಿಯನ್ ದಾಂಡಿಗರಲ್ಲಿ ಅಗ್ರಗಣ್ಯ. ಎಳೆಯ ಬಾಲೂವಿನ ಎಡಗೈ ಎಸೆತದಲ್ಲಿ ಅಡಗಿದ್ದ ಶಕ್ತಿಯನ್ನು ಅವನು ಗುರುತಿಸಿದ. ಬೇರೆಯವರು ಬರುವುದಕ್ಕೆ ಮೊದಲೇ ಮೈದಾನಕ್ಕೆ ಬಂದು, ಬಾಲೂವಿನಿಂದ ಗಂಟೆಗಟ್ಟಲೆ ಚೆಂಡೆಸೆಸಿಕೊಂಡು ಅಭ್ಯಾಸ ಮಾಡುತ್ತಿದ್ದ. ತನ್ನನ್ನು ಔಟು ಮಾಡಿದಾಗಲೆಲ್ಲ ಬಾಲೂವಿಗೆ ಎಂಟಾಣೆ ಕೊಡುತ್ತಿದ್ದನೆಂಬ ಮಾತು ಬಹುಕಾಲ ಜನರ ಬಾಯಲ್ಲಿತ್ತು.

ಹೀಗೆ ಸಾವಿರಾರು ಚೆಂಡುಗಳನ್ನು ಎಸೆದೆಸೆದು ಬಾಲೂ ನುರಿತ ಎಸೆಗಾರರಾದರು. ಆದರೆ ಆ ಕ್ಲಬ್ಬಿನಲ್ಲಿ ಅವರ ಕೈಗೆ ಯಾರೂ ಒಮ್ಮೆಯೂ ದಾಂಡನ್ನು ಕೊಡಲಿಲ್ಲ. ದಾಂಡು ಬೀಸುವುದು ದೊರೆಗಳ ಹಕ್ಕು, ಚೆಂಡೆಸೆಯುವುದು ಆಳಿನ ದುಡಿಮೆ ಎಂದು ಅಲ್ಲಿ ಭಾವಿಸಲಾಗಿತ್ತು. ಬಾಲೂ ತಮಗೆ ದೊರೆತ ದುಡಿಮೆಯನ್ನೇ ವಿದ್ಯೆಯಾಗಿ ಮಾಡಿಕೊಂಡರು. ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿಯನ್ನು ಆಡಿಸಿದ ಹುಡುಗರೆಲ್ಲರಿಗೂ ಒಂದು ಸಂಗತಿ ಗೊತ್ತು. ಬುಗುರಿ ತಿರುಗುವುದು ತೋಳಿನ ಬಲದಿಂದಲ್ಲ. ಬೆರಳು ಮತ್ತು ಮಣಿಕಟ್ಟಿನ ಹದದಿಂದ. ನಿಧಾನ ಎಸೆಗಾರನ ಗುಟ್ಟೂ ಇದೇ. ಬಾಲೂ ಎಸೆದ ಚೆಂಡು ಗಾಳಿಯಲ್ಲಿ ತೇಲಿ ಬಂದು, ನೆಲವನ್ನು ಮುಟ್ಟಿದೊಡನೆ ಒಮ್ಮೆ ಒಳಕ್ಕೂ ಒಮ್ಮೆ ಹೊರಕ್ಕೂ ತಿರುಗುತ್ತಿತ್ತು. ಒಂದೇ ಬಗೆಯ ಕೈಬೀಸಿನಲ್ಲಿ ವೇಗವನ್ನು ಏರಿಸುವುದೂ ಇಳಿಸುವುದೂ ಅವರಿಗೆ ಸಾಧ್ಯವಾಗಿತ್ತು. ಮಳೆಯಿಂದ ತೊಯ್ದು ಬಿಸಿಲಿಗೆ ಅರೆಯೊಣಗಿದ ಅಂಕಣದಲ್ಲಂತೂ ಅವರನ್ನು ಎದುರಿಸುವುದು ಎಂಥ ದಾಂಡಿಗನಿಗೂ ದುಸ್ಸಾಧ್ಯವಾಗಿತ್ತು.

ಪುಣೆಯ ಹಿಂದೂ ಆಟಗಾರರಿಗೆ ಯೂರೋಪಿಯನ್ನರನ್ನು ಸೋಲಿಸಬೇಕೆಂಬ ಹಂಬಲವಿತ್ತು. ಅದಕ್ಕೆ ಬಾಲೂವಿನಂಥ ಎಸೆಗಾರ ಬೇಕಾಗಿತ್ತು. ಆದರೆ ಅಸ್ಪೃಶ್ಯನೊಬ್ಬನನ್ನು ತಂಡಕ್ಕೆ ಸೇರಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆ ತಂಡದವರನ್ನು ಎರಡು ಪಂಗಡಗಳಾಗಿ ಒಡೆಯಿತು. ಕಡೆಗೆ ಗೆಲ್ಲುವ ಆಸೆಯೇ ಮೇಲುಗೈ ಪಡೆದು, ಬಾಲೂವಿಗೆ ಆಡಲು ಕರೆ ಬಂದಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ವಿರಾಮದ ವೇಳೆಗೆ ಮಾತ್ರ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲುಗಳಲ್ಲಿ ಚಹಾ ಸೇವಿಸಿದರೆ, ಬಾಲೂವಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಚಹಾ ಬರುತ್ತಿತ್ತು. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ಮುಖ ತೊಳೆಯಬೇಕಾದರೆ ಅವರ ಜಾತಿಯವನೇ ಒಬ್ಬ ಆಳು ನೀರು ತಂದು ಹೊಯ್ಯಬೇಕು. ಇಷ್ಟಾದರೂ ಬಾಲೂ ತಂಡವನ್ನು ಗೆಲ್ಲಿಸಿದರು. ಸಾತಾರದಲ್ಲಿ ಬಿಳಿಯರ ಜಿಮಖಾನದ ವಿರುದ್ಧ ನಡೆದ ಪಂದ್ಯದಲ್ಲಿ 7 ಹುದ್ದರಿಗಳನ್ನು ಉರುಳಿಸಿ ವಿಜಯಕ್ಕೆ ಕಾರಣರಾದರು. ಗೆದ್ದು ಬಂದ ಬಾಲೂವಿಗೆ ಪುಣೆಯಲ್ಲಿ ಹಾರ ಹಾಕಿ ಸನ್ಮಾನಿಸಿದರು. ಸಮಾಜ ಸುಧಾರಕರಾದ ಮಹಾದೇವ ಗೋವಿಂದ ರಾನಡೆಯವರು, ಜೊತೆಯಲ್ಲಿ ಆಡುವವರು ಜೊತೆಯಲ್ಲಿ ಉಣ್ಣಲೇಕೆ ಹಿಂಜರಿಯಬೇಕೆಂದು ಆ ಸಂದರ್ಭದಲ್ಲಿ ತಂಡದವರಿಗೆ ತಿಳಿಹೇಳಿದರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿತು. ಬಾಲೂ ಮುಂಬಯಿಗೆ ಬಂದರು. ಅಲ್ಲಿನ ಹಿಂದೂ ಜಿಮಖಾನದಲ್ಲಿಯೂ ಅವರ ಪ್ರವೇಶಕ್ಕೆ ಮೊದಮೊದಲು ಕೆಲವರ ವಿರೋಧವಿತ್ತು. ನಾಯಕ ಕೀರ್ತಿಕರರ ಒತ್ತಾಸೆಯಿಂದ ಅದು ನಿವಾರಣೆಯಾಯಿತು. ಮುಂಬಯಿ ಬರೋಡಾ ಮತ್ತು ಮಧ್ಯ ಭಾರತ ರೈಲ್ವೆಯಲ್ಲಿ ಬಾಲೂ ಕೆಲಸಕ್ಕೆ ಸೇರಿ, ಆ ಸಂಸ್ಥೆಯ ತಂಡಕ್ಕೂ ಆಡತೊಡಗಿದರು.

1906ರ ಫೆಬ್ರವರಿ ತಿಂಗಳಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಯೂರೋಪಿಯನ್ನರಿಗೂ ಪಂದ್ಯ ನಡೆಯಿತು. ಅಂದಿನ ಕ್ರಿಕೆಟ್ಟಿನಲ್ಲಿ ತಂಡಗಳು ಮತಧರ್ಮಗಳ ಹೆಸರಿನಲ್ಲಿಯೇ ಏರ್ಪಡುತ್ತಿದ್ದವು. ಹಿಂದೂಗಳು ಮೊದಲ ಸರದಿಯಲ್ಲಿ 242, ಎರಡನೆಯ ಸರದಿಯಲ್ಲಿ 160 ಓಟಗಳನ್ನು ಗಳಿಸಿದರು. ಯೂರೋಪಿಯನ್ನರು ಮೊದಲು 191ಕ್ಕೆ, ಮತ್ತೆ 102ಕ್ಕೆ ಕುಸಿದರು. 109 ಓಟಗಳ ಆ ಗೆಲುವಿನಲ್ಲಿ ಬಾಲೂವಿನ ಪಾಲು 8 ಹುದ್ದರಿಗಳು. ಆಳುವವರನ್ನು ಆಳಲ್ಪಡುವವರು ಅವರ ಆಟದಲ್ಲಿಯೇ ಸೋಲಿಸಿದರೆಂದು ದೇಶದ ಉದ್ದಗಲಕ್ಕೂ ಸಂತೋಷ ಉಕ್ಕಿತು. ಆ ಪಂದ್ಯದಲ್ಲಿ ಬಾಲೂವಿನ ತಮ್ಮ ಶಿವರಾಮನೂ ಆಡಿದ್ದನು. ಮುಂದೆ ಗಣಪತ್, ವಿಠಲ್ ಎಂಬ ಇನ್ನಿಬ್ಬರು ತಮ್ಮಂದಿರೂ ಹಿಂದೂ ತಂಡವನ್ನು ಸೇರಿದರು. ಒಂದೇ ಮನೆಯ ನಾಲ್ವರು ಅಣ್ಣತಮ್ಮಂದಿರು ಇಂಥ ಮಟ್ಟದ ಕ್ರಿಕೆಟ್ ಆಡಿದ ನಿದರ್ಶನಗಳು ವಿರಳ.

1911ರಲ್ಲಿ ಅಖಿಲ ಭಾರತ ತಂಡವೊಂದು ಇಂಗ್ಲೆಂಡಿಗೆ ಪ್ರಯಾಣ ಬೆಳೆಸಿತು. ಹಿಂದೂ, ಮುಸ್ಲಿಮ್, ಪಾರಸಿ ಆಟಗಾರರೆಲ್ಲರೂ ಕೂಡಿದ್ದ ಆ ತಂಡಕ್ಕೆ ಪಟಿಯಾಲದ ಮಹಾರಾಜ ಭೂಪೀಂದರ್ ಸಿಂಗರು ನಾಯಕರು. ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ ನಡೆದ ವರ್ಷ ಅದು. ಮಹಾರಾಜರು ಔತಣಕೂಟಗಳಲ್ಲಿ ಮಗ್ನರಾಗಿ ಹೆಚ್ಚಿನ ಪಂದ್ಯಗಳನ್ನು ಆಡಲೇ ಇಲ್ಲ. ತಂಡ ಆಡಿದ 23 ಪಂದ್ಯಗಳಲ್ಲಿ ಗೆದ್ದದ್ದು 6, ಸೋತದ್ದು 15. ಹೀಗೆ ನೋಡಿದರೆ ಪ್ರವಾಸ ವಿಫಲವೇ ಸರಿ. ಆದರೆ ಪರನಾಡಿನ ಚಳಿಗಾಳಿಯಲ್ಲಿ, ಮೂವತ್ತೈದರ ಆಸುಪಾಸಿನ ವಯಸ್ಸಿನಲ್ಲಿ, ಬಾಲೂ ಒಬ್ಬರೇ 114 ಹುದ್ದರಿಗಳನ್ನು ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿರುದ್ಧ ಒಂದೇ ಸರದಿಯಲ್ಲಿ 103 ಓಟಗಳಿಗೆ 8 ಮಂದಿಯನ್ನು ಔಟು ಮಾಡಿದರು. ಇಂಗ್ಲೆಂಡಿನ ಸುಪ್ರಸಿದ್ಧ ಎಡಗೈ ಎಸೆಗಾರ ವಿಲ್ಫ್ರೆಡ್ ರೋಡ್ಸನ ಜೊತೆ ಅವರನ್ನು ಹೋಲಿಸಲಾಯಿತು.

ಸ್ವದೇಶಕ್ಕೆ ಮರಳಿದ ಬಾಲೂವಿಗೆ ಮುಂಬಯಿಯ ದಲಿತ ಸಮುದಾಯದವರು ಅಭಿಮಾನದಿಂದ ಸನ್ಮಾನ ಏರ್ಪಡಿಸಿದರು. ಅಂದಿನ ಮಾನಪತ್ರವನ್ನು ಸಿದ್ಧಪಡಿಸಿದ ತರುಣ ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿ. ಅವರೇ ಮುಂದೆ ಭಾರತದ ಸಂವಿಧಾನದ ಶಿಲ್ಪಿಯಾದ ಭೀಮರಾವ್ ರಾಮಜಿ ಅಂಬೇಡ್ಕರರು. ತಮ್ಮವನೊಬ್ಬನು ಸಮುದ್ರ ದಾಟಿ ಕೀರ್ತಿ ಗಳಿಸಿ ಬಂದುದು ಆ ತರುಣನಿಗೂ ಅವನ ಜನಕ್ಕೂ ತಲೆಯೆತ್ತಿ ನಡೆಯುವ ಧೈರ್ಯವನ್ನು ನೀಡಿತ್ತು. ಇವರಿಬ್ಬರ ದಾರಿಗಳು ಕಾಲು ಶತಮಾನದ ಬಳಿಕ ಎಂಥ ತಿರುವಿನಲ್ಲಿ ಸಂಧಿಸುವುವೆಂದು ಅಂದು ಯಾರಿಗೂ ತಿಳಿಯುವಂತಿರಲಿಲ್ಲ.

ಇಷ್ಟೆಲ್ಲ ಕೀರ್ತಿ ಬಂದರೂ ಒಂದು ಗೌರವ ಮಾತ್ರ ಬಾಲೂವಿನ ಕೈಗೆ ಎಟುಕಲಿಲ್ಲ. ಹಿಂದೂ ತಂಡದಲ್ಲಿ ಅನುಭವದಲ್ಲಿಯೂ ಯೋಗ್ಯತೆಯಲ್ಲಿಯೂ ಅವರಿಗೆ ಸಮಾನರಿರಲಿಲ್ಲ. ಆದರೂ ವರ್ಷ ವರ್ಷವೂ ನಾಯಕತ್ವ ಬೇರೆಯವರ ಪಾಲಾಯಿತು. 1913ರಲ್ಲಿ ನಾಯಕರಾಗಿದ್ದ ಎಂ. ಡಿ. ಪೈ ಅವರೇ, ಆ ಗೌರವ ನ್ಯಾಯವಾಗಿ ಬಾಲೂವಿಗೆ ಸಲ್ಲಬೇಕಾಗಿತ್ತೆಂದು ಸಭೆಯಲ್ಲಿ ಒಪ್ಪಿಕೊಂಡರು. ಅಸ್ಪೃಶ್ಯನ ಕೈಕೆಳಗೆ ಮೇಲುಜಾತಿಯವರು ಆಡುವುದೆಂದರೇನು ಎಂಬ ಹಳೆಯ ಭಾವನೆಯೇ ಅಡ್ಡಿಯಾಗಿತ್ತು. 1920ರಲ್ಲಿ ಈ ಅಸಮಾಧಾನ ಬಯಲಿಗೆ ಬಂದಿತು. ಆ ವರ್ಷದ ಚತುಷ್ಕೋನ ಪಂದ್ಯಾವಳಿಯಲ್ಲಿ ಬಾಲೂವನ್ನು ತಂಡದಿಂದ ಕೈಬಿಟ್ಟರು. ನಾಯಕ ಪೈ ಅಸ್ವಸ್ಥರಾದಾಗ, ಹಿರಿಯರಾದ ಪಲ್ವಂಕರ್ ಸೋದರರನ್ನು ಬಿಟ್ಟು ಕಿರಿಯರಾದ ದೇವಧರರಿಗೆ ನಾಯಕತ್ವ ವಹಿಸಿದರು. ಶಿವರಾಮ ಮತ್ತು ವಿಠಲ ತಂಡದಿಂದ ಹೊರಬಂದು, ಜಾತಿಯ ಕಾರಣದಿಂದಲೇ ತಮಗೆ ಅನ್ಯಾಯವಾಗಿದೆಯೆಂದು ಬಹಿರಂಗವಾಗಿ ಸಾರಿದರು. ಜನಾಭಿಪ್ರಾಯ ಸೋದರರ ಪರವಾಗಿ ನಿಂತಿತು. ಕೊನೆಯ ಪಂದ್ಯಕ್ಕೆ ಬಾಲೂವನ್ನು ಮತ್ತೆ ಕರೆಸಿ ಉಪನಾಯಕರನ್ನಾಗಿ ಮಾಡಲಾಯಿತು. ನಾಯಕ ಪೈ ಆಟದ ನಡುವೆ ಸ್ವಲ್ಪ ಕಾಲ ಮೈದಾನದಿಂದ ಹೊರನಡೆದರು. ಆ ಹೊತ್ತಿನಲ್ಲಿ ಬಾಲೂ ತಂಡವನ್ನು ನಡೆಸಿದರು. ದೊರೆತ ನಾಯಕತ್ವ ಅಷ್ಟೇ. ಆದರೆ ಅವರು ತೆರೆದ ಬಾಗಿಲಿನಲ್ಲಿ ತಮ್ಮ ವಿಠಲ ಒಳಹೊಕ್ಕನು. 1923ರಲ್ಲಿ ವಿಠಲ ಹಿಂದೂ ತಂಡದ ನಾಯಕನಾಗಿ ಯೂರೋಪಿಯನ್ನರನ್ನು ಸೋಲಿಸಿದಾಗ, ಜಾತಿಭೇದ ಮರೆತ ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು.

ಬಾಲೂ ಆಟದಿಂದ ನಿವೃತ್ತರಾದಾಗ ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ಹುದ್ದರಿಗಳನ್ನು ಗಳಿಸಿದ್ದರು. ಭಾರತಕ್ಕೆ ಟೆಸ್ಟ್ ಪಂದ್ಯವಾಡುವ ಅವಕಾಶ ದೊರೆತದ್ದು 1932ರಲ್ಲಿ. ಆ ವೇಳೆಗೆ ಅವರ ಆಟದ ದಿನಗಳು ಮುಗಿದುಹೋಗಿದ್ದವು. ಆದರೆ ಅದೇ ವರ್ಷ ಬೇರೊಂದು ಕಣಕ್ಕೆ ಅವರಿಗೆ ಕರೆ ಬಂದಿತು.

ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೊಡುವುದಾಗಿ ಬ್ರಿಟಿಷ್ ಸರಕಾರ 1932ರ ಆಗಸ್ಟಿನಲ್ಲಿ ಘೋಷಿಸಿತು. ತಮ್ಮ ಜನರ ನಿಜವಾದ ಪ್ರತಿನಿಧಿಗಳನ್ನು ತಮ್ಮ ಜನರೇ ಆರಿಸಬೇಕೆಂಬುದು ಅಂಬೇಡ್ಕರರ ವಾದ. ಅದರಿಂದ ಹಿಂದೂ ಸಮಾಜ ಒಡೆದುಹೋಗುವುದೆಂಬುದು ಗಾಂಧೀಜಿಯವರ ವಾದ. ಯರವಾಡ ಸೆರೆಮನೆಯಲ್ಲಿ ಗಾಂಧೀಜಿ ಆಮರಣಾಂತ ಉಪವಾಸ ಹೂಡಿದರು. ದೇಶದ ನಾಯಕರು ಒಪ್ಪಂದಕ್ಕಾಗಿ ಹಗಲಿರುಳು ಓಡಾಡಿದರು. ಮದರಾಸಿನ ಎಂ. ಸಿ. ರಾಜಾ ಅವರೊಡನೆ ಬಾಲೂ ಈ ಮಾತುಕತೆಗಳಲ್ಲಿ ಭಾಗವಹಿಸಿದರು. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಪ್ರತ್ಯೇಕ ಮತಕ್ಷೇತ್ರಗಳಿಗೆ ಬದಲಾಗಿ, ಎಲ್ಲ ಹಿಂದೂ ಮತದಾರರೂ ಕೂಡಿ ಆರಿಸುವ 148 ಮೀಸಲು ಸ್ಥಾನಗಳು ಪ್ರಾಂತ ಶಾಸನಸಭೆಗಳಲ್ಲಿ ದಲಿತರಿಗೆ ದೊರೆತವು. ಒಪ್ಪಂದಕ್ಕೆ ಸಹಿಮಾಡಿದವರಲ್ಲಿ ಅಂಬೇಡ್ಕರರೂ ಇದ್ದರು, ಬಾಲೂ ಕೂಡ ಇದ್ದರು.

ಸಾರ್ವಜನಿಕ ಜೀವನಕ್ಕೆ ಹೀಗೆ ಪ್ರವೇಶಿಸಿದ ಬಾಲೂ, ಮರುವರ್ಷ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ಮುಂಬಯಿ ನಗರಪಾಲಿಕೆಯ ಚುನಾವಣೆಗೆ ನಿಂತು ಸೋತರು. 1935ರಲ್ಲಿ ಅಂಬೇಡ್ಕರರು ಯೇವಲೆಯ ಸಮ್ಮೇಳನದಲ್ಲಿ, ತಾವು ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. ಬಾಲೂ ಇದನ್ನು ಒಪ್ಪಲಿಲ್ಲ. ಮನೆಯೊಳಗೆ ಇದ್ದುಕೊಂಡೇ ಮನೆಯನ್ನು ತಿದ್ದಬೇಕೆಂಬುದು ಅವರ ನಿಲುವು. ತಮ್ಮನ್ನು ಒಮ್ಮೆ ಹೊರಗೆ ಕೂರಿಸಿದ್ದ ತಂಡದವರೇ ಕಾಲಕ್ರಮದಲ್ಲಿ ತಮ್ಮ ಸೋದರನನ್ನು ನಾಯಕನೆಂದು ಒಪ್ಪಿದ್ದನ್ನು ಕಂಡವರು ಅವರು. ಆದರೆ ಅಂಬೇಡ್ಕರರು ಕಂಡ ಸತ್ಯ ಬೇರೆಯದು. 1927ರಲ್ಲಿ ಮಹಾಡದ ಕೆರೆಯ ನೀರನ್ನು ಮುಟ್ಟಿದ ಮಾತ್ರಕ್ಕೆ ತಮ್ಮ ಜನ ಪೆಟ್ಟು ತಿಂದುದನ್ನು ಅವರು ನೋಡಿದ್ದರು. ಹುದ್ದರಿ ಉರುಳಿಸಬಲ್ಲ ಒಬ್ಬನಿಗೆ ದೊರೆತ ಮನ್ನಣೆ, ಉರುಳಿಸಲಾರದ ಕೋಟ್ಯಂತರ ಮಂದಿಗೆ ದೊರೆಯುವುದು ಯಾವಾಗ ಎಂಬ ಪ್ರಶ್ನೆ ಅವರ ಹೋರಾಟದ ಬೆನ್ನೆಲುಬಾಗಿತ್ತು.

1937ರಲ್ಲಿ ಪ್ರಾಂತ ಶಾಸನಸಭೆಗಳಿಗೆ ಚುನಾವಣೆಗಳು ಬಂದವು. ಮುಂಬಯಿ ನಗರದ ಒಂದು ಮೀಸಲು ಸ್ಥಾನಕ್ಕೆ ಅಂಬೇಡ್ಕರರು ತಾವೇ ಕಟ್ಟಿದ ಸ್ವತಂತ್ರ ಕಾರ್ಮಿಕ ಪಕ್ಷದಿಂದ ನಿಂತರು. ಅವರನ್ನು ಎದುರಿಸಲು ಕಾಂಗ್ರೆಸ್ ಪಕ್ಷ ಆರಿಸಿದ್ದು ಬಾಲೂವನ್ನು. ಇಬ್ಬರೂ ಸಹಿಮಾಡಿದ ಒಪ್ಪಂದದಿಂದಲೇ ಹುಟ್ಟಿದ ಸ್ಥಾನಕ್ಕೆ ಇಬ್ಬರೂ ಎದುರಾಳಿಗಳಾದರು. ಒಬ್ಬರು ಅರವತ್ತರ ಅಂಚಿನಲ್ಲಿದ್ದ ಆಟಗಾರ. ಇನ್ನೊಬ್ಬರು ಒಂದು ಕಾಲದಲ್ಲಿ ಆ ಆಟಗಾರನಿಗೆ ಮಾನಪತ್ರ ಬರೆದ ವಿದ್ವಾಂಸ. ಒಬ್ಬರ ಬೆನ್ನಿಗೆ ಆಟದ ಕೀರ್ತಿ ಮತ್ತು ದೊಡ್ಡ ಪಕ್ಷದ ಬಲ. ಇನ್ನೊಬ್ಬರ ಬೆನ್ನಿಗೆ ಹತ್ತು ವರ್ಷಗಳ ಹೋರಾಟ. ಮತಗಳನ್ನು ಎಣಿಸಿದಾಗ ಅಂಬೇಡ್ಕರರಿಗೆ 13,245, ಬಾಲೂವಿಗೆ 11,225 ಬಂದಿದ್ದವು. ಅಂಬೇಡ್ಕರರು ಶಾಸನಸಭೆಗೆ ಹೋದರು. ಬಾಲೂ ಆ ಬಳಿಕ ಚುನಾವಣೆಯ ಕಣದಿಂದ ದೂರವೇ ಉಳಿದರು.

ಆಟದಲ್ಲಿ ಹೆಸರು ಮಾಡಿದವರು ಚುನಾವಣೆಗೆ ನಿಲ್ಲುವುದು ಈಗ ಅಪರೂಪದ ಸಂಗತಿಯಲ್ಲ. 1928ರ ಒಲಿಂಪಿಕ್ಸಿನಲ್ಲಿ ಭಾರತದ ಹಾಕಿ ತಂಡದ ನಾಯಕರಾಗಿದ್ದ ಜೈಪಾಲ್ ಸಿಂಗರು ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ದನಿಯಾದರು. ಕ್ರಿಕೆಟ್ ನಾಯಕ ಮನ್ಸೂರ್ ಅಲಿ ಖಾನ್ ಪಟೌಡಿಯವರು 1971ರಲ್ಲಿಯೂ 1991ರಲ್ಲಿಯೂ ಲೋಕಸಭೆಗೆ ಸ್ಪರ್ಧಿಸಿ ಸೋತರು. ಪಾಕಿಸ್ತಾನದ ಇಮ್ರಾನ್ ಖಾನರು 2018ರಲ್ಲಿ ತಮ್ಮ ದೇಶದ ಪ್ರಧಾನಿಯಾದರು. ಮೈದಾನದ ಚಪ್ಪಾಳೆ ಮತಪೆಟ್ಟಿಗೆಯಲ್ಲಿ ಮತವಾಗಿ ಬಂದೇ ಬರುವುದೆಂಬ ನಿಯಮವಿಲ್ಲ. ಬಾಲೂವಿನ ಆಟವನ್ನು ಮೆಚ್ಚಿದ ಜನರೇ, ತಮ್ಮ ಬಾಳಿನ ಪ್ರಶ್ನೆ ಎದುರಾದಾಗ ಇಬ್ಬರನ್ನೂ ತೂಗಿ ನೋಡಿ ತೀರ್ಮಾನಿಸಿದರು. ಅದರಿಂದ ಬಾಲೂವಿನ ದೊಡ್ಡತನಕ್ಕೆ ಕುಂದು ಬರಲಿಲ್ಲ. ಆ ಮತದಾರರ ವಿವೇಕವೂ ಎದ್ದು ಕಂಡಿತು.

ಸ್ವತಂತ್ರ ಭಾರತದ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂದಾಗ ಬಾಲೂ ಬದುಕಿದ್ದರು. ಅದರ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು ಹೊರಗೆ ಕುಳಿತಿದ್ದ ಆಟಗಾರನಿಗೆ ಆದ ಅವಮಾನ ಅಂದಿನಿಂದ ಕಾನೂನಿನ ಕಣ್ಣಿನಲ್ಲಿ ಅಪರಾಧವಾಯಿತು. ಅದನ್ನು ಸಾಧ್ಯಮಾಡಿದ ಕರಡು ಸಮಿತಿಯ ಅಧ್ಯಕ್ಷರು, ಚುನಾವಣೆಯಲ್ಲಿ ಅವರನ್ನು ಸೋಲಿಸಿದ್ದ ಅಂಬೇಡ್ಕರರೇ.

1955ರ ಜುಲೈ 4ರಂದು ಮುಂಬಯಿಯಲ್ಲಿ ಬಾಲೂ ನಿಧನರಾದರು. ಧಾರವಾಡದ ಮಣ್ಣಿನಲ್ಲಿ ಹುಟ್ಟಿ, ಅನ್ಯರು ಆಡಲೆಂದು ಮೈದಾನಕ್ಕೆ ಉರುಳೆ ಎಳೆದ ಬಾಲಕ, ಭಾರತೀಯ ಕ್ರಿಕೆಟ್ಟಿನ ಮೊದಲ ಮಹಾನ್ ಎಸೆಗಾರನೆನಿಸಿದರು. ಅವರು ಕೂಗಾಡಲಿಲ್ಲ, ಕೈಕಟ್ಟಿ ಕೂರಲೂ ಇಲ್ಲ. ತಮಗೆ ಕೊಟ್ಟ ಚೆಂಡನ್ನು ಚೆನ್ನಾಗಿ ಎಸೆದರು. ತಮಗೆ ಸರಿಯೆಂದು ಕಂಡ ಪಕ್ಷದಲ್ಲಿ ನಿಂತರು. ಸೋಲು ಬಂದಾಗ ಆಟಗಾರನಂತೆಯೇ ಅದನ್ನು ಒಪ್ಪಿಕೊಂಡರು. ಎಲ್ಲ ಜಾತಿಯ ಮಕ್ಕಳೂ ಇಂದು ಒಂದೇ ಬಯಲಿನಲ್ಲಿ ಆಡಿ, ಒಂದೇ ಕೊಡದ ನೀರು ಕುಡಿದು ಮನೆಗೆ ಮರಳುವಲ್ಲೆಲ್ಲ ಬಾಲೂವಿನ ದುಡಿಮೆಯ ಫಲವಿದೆ. ಎಲ್ಲಿ ಹಾಗೆ ಆಗುತ್ತಿಲ್ಲವೋ ಅಲ್ಲಿ ಅವರು ಆರಂಭಿಸಿದ ಆಟ ಇನ್ನೂ ಮುಗಿದಿಲ್ಲ.